ರೈಫಲ್ ಗುಂಡು: ಯಾವ ಕಂಪನಿಯದು ಒಳ್ಳೆಯದು ಎಂದು ನೀವೇ ಪರೀಕ್ಷಿಸುವುದು ಹೇಗೆ

ಶೂಟಿಂಗ್ ರೇಂಜಿನಲ್ಲಿ ಯಾವ ಕಂಪನಿಯ ಗುಂಡು ಒಳ್ಳೆಯದು ಎಂದು ಕೇಳಿ ನೋಡಿ. ತಲೆಗೊಂದು ಮಾತು. ಒಬ್ಬರಿಗೆ ಲಾಪುವಾ ಬಿಟ್ಟರೆ ಬೇರೆ ಗುಂಡೇ ಇಲ್ಲ. ಇನ್ನೊಬ್ಬರು ಈಲಿ ಟೆನೆಕ್ಸ್ ಮೇಲೆ ಆಣೆ ಇಡುತ್ತಾರೆ. ಮತ್ತೊಬ್ಬರು ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ ಸಾಕು, ಉಳಿದದ್ದೆಲ್ಲ ಸುಮ್ನೆ ದುಡ್ಡು ದಂಡ ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ತಂತಮ್ಮ ರೈಫಲ್‌ನಲ್ಲಿ ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಅವರ ಬ್ಯಾರೆಲ್ ನಿಮ್ಮ ಹತ್ತಿರ ಇಲ್ಲವಲ್ಲ.

ಒಂದೇ ಕಂಪನಿಯ ಎರಡು ಲಾಟ್‌ಗಳ (ಒಂದೊಂದು ಸಲಕ್ಕೆ ಒಟ್ಟಿಗೆ ತಯಾರಾದ ಕಂತುಗಳ) ನಡುವೆ ಇರುವ ವ್ಯತ್ಯಾಸ ಕೆಲವೊಮ್ಮೆ ಎರಡು ಕಂಪನಿಗಳ ನಡುವಿನ ವ್ಯತ್ಯಾಸಕ್ಕಿಂತ ಜಾಸ್ತಿ. ಅದರಲ್ಲೂ .22 ರಿಮ್‌ಫೈರ್‌ನಲ್ಲಿ, ಅಂದರೆ ಕಿಡಿ ಹೊತ್ತಿಸುವ ಮದ್ದು ತಳದ ಅಂಚಿನೊಳಗೇ ಇರುವ ಸಣ್ಣ ತೋಟಾದಲ್ಲಿ, ಇದು ಎದ್ದು ಕಾಣುತ್ತದೆ. ಆದ್ದರಿಂದ ಇಲ್ಲಿ ನಾವು ಹೋಲಿಸುವುದು ಡಬ್ಬಿಯ ಮೇಲಿನ ಹೆಸರನ್ನಲ್ಲ. ಈ ಲಾಟ್, ಆ ಲಾಟ್, ನಿಮ್ಮ ರೈಫಲ್‌ನಲ್ಲಿ. ಅಷ್ಟೇ.

ಮಾತು ಗೊಂದಲ ಆಗಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ‘ರೌಂಡ್’ ಎಂದರೆ ಕೇಸ್ (ಲೋಹದ ಕೊಳವೆ), ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ), ಮದ್ದು, ಬುಲೆಟ್ ಎಲ್ಲ ಸೇರಿದ ಇಡೀ ತೋಟಾ. ‘ಬುಲೆಟ್’ ಎಂದರೆ ಅದರಿಂದ ಹಾರಿಹೋಗುವ ತುದಿ ಮಾತ್ರ. ಮತ್ತೆ, ಈ ಪರೀಕ್ಷೆಗಳೆಲ್ಲ ಪರವಾನಗಿ ಇರುವ ರೈಫಲ್‌ನಲ್ಲಿ, ಅನುಮತಿ ಇರುವ ರೇಂಜಿನಲ್ಲಿ, ಕಣ್ಣು ಕಿವಿಗೆ ರಕ್ಷಣೆ ಹಾಕಿಕೊಂಡು ಮಾಡುವಂಥವು.

ಮೊದಲು ಬ್ಯಾರೆಲ್ ಓದಿ

ರೈಫಲ್‌ನ ಬ್ಯಾರೆಲ್ ಮೇಲೆ ಯಾವ ರೌಂಡ್ ಹಾಕಬೇಕು ಎಂದು ಕೆತ್ತಿರುತ್ತಾರೆ. ಅದೇ ಹೆಸರಿನ ರೌಂಡ್ ಮಾತ್ರ ತನ್ನಿ. ‘ಹೆಚ್ಚೂಕಮ್ಮಿ ಒಂದೇ’ ಎಂಬ ಮಾತಿಗೆ ಇಲ್ಲಿ ಜಾಗ ಇಲ್ಲ. .223 ರೆಮಿಂಗ್ಟನ್ ಮತ್ತು 5.56 ನ್ಯಾಟೋ ಹೊರಗಿನಿಂದ ನೋಡಲು ಒಂದೇ ಥರ. ಆದರೆ 5.56ರ ಚೇಂಬರ್‌ನಲ್ಲಿ (ರೌಂಡ್ ಕೂರುವ ಜಾಗ) ಬುಲೆಟ್ ರೈಫ್ಲಿಂಗ್ (ಬ್ಯಾರೆಲ್ ಒಳಗಿನ ಸುರುಳಿ ಗೀರು) ಮುಟ್ಟುವ ಮುಂಚಿನ ಜಾಗ ಉದ್ದ. ಹಾಗಾಗಿ .223 ಎಂದು ಕೆತ್ತಿದ ಬ್ಯಾರೆಲ್‌ಗೆ 5.56 ಹಾಕಿದರೆ ಒತ್ತಡ ಮಿತಿ ಮೀರಬಹುದು. ಇನ್ನೂ ಅಪಾಯಕಾರಿ ಜೋಡಿ ಎಂದರೆ .300 ಬ್ಲ್ಯಾಕೌಟ್ ರೌಂಡ್ .223 ರೈಫಲ್‌ಗೆ ಹೋಗುವುದು. ಎರಡಕ್ಕೂ ಒಂದೇ ಮ್ಯಾಗಜೀನ್ ಆಗುತ್ತದೆ, ಕೆಲವು ರೌಂಡ್‌ಗಳು ಚೇಂಬರ್‌ನಲ್ಲಿ ಕೂತೂ ಬಿಡುತ್ತವೆ, ಹೊಡೆದರೆ ರೈಫಲ್ ಸಿಡಿಯುತ್ತದೆ. ಪರೀಕ್ಷೆಯ ದಿನ ಮೇಜಿನ ಮೇಲೆ ನಾಲ್ಕಾರು ಬಗೆಯ ಡಬ್ಬಿ ಹರಡಿರುತ್ತವೆ ನೋಡಿ, ಇಂಥ ಅನಾಹುತಕ್ಕೆ ಅದೇ ಹೇಳಿ ಮಾಡಿಸಿದ ಸಮಯ. ಬೇರೆ ಕ್ಯಾಲಿಬರ್‌ನ ಡಬ್ಬಿಗಳನ್ನು ಆ ದಿನ ಮೇಜಿನ ಹತ್ತಿರವೇ ತರಬೇಡಿ.

ಇನ್ನೊಂದು ವಿಷಯ ಟ್ವಿಸ್ಟ್. ಬ್ಯಾರೆಲ್ ಒಳಗಿನ ತಿರುವು ಎಷ್ಟು ಇಂಚಿಗೆ ಒಂದು ಸುತ್ತು ಹಾಕುತ್ತದೆ ಎಂಬ ಲೆಕ್ಕ ಅದು. .223ರಲ್ಲಿ 12 ಇಂಚಿಗೆ ಒಂದು ಸುತ್ತಿನ ಬ್ಯಾರೆಲ್ ಇದ್ದರೆ 55 ಗ್ರೇನ್ (ಬುಲೆಟ್‌ನ ತೂಕದ ಅಳತೆ) ಬುಲೆಟ್‌ವರೆಗೆ ಸರಾಗ. ಅದೇ ಬ್ಯಾರೆಲ್‌ಗೆ ಉದ್ದನೆಯ 77 ಗ್ರೇನ್ ಬುಲೆಟ್ ಕೊಟ್ಟರೆ ಅದು ಗಾಳಿಯಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಅಡ್ಡಡ್ಡ ಹೋಗಿ ಕಾಗದದಲ್ಲಿ ಕೀಲಿಕೈ ತೂತಿನಂಥ ಉದ್ದ ಗುರುತು ಮಾಡುತ್ತದೆ. ಅದಕ್ಕೆ 8 ಅಥವಾ 7 ಇಂಚಿನ ಟ್ವಿಸ್ಟ್ ಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆಯ ಗುಂಡನ್ನು ಕೆಟ್ಟದ್ದು ಎಂದು ಬರೆದುಬಿಡುತ್ತಾರೆ.

ಹಾಗಾಗಿ ಹೋಲಿಕೆಗೆ ಆರಿಸುವ ರೌಂಡ್‌ಗಳಲ್ಲಿ ಬುಲೆಟ್‌ನ ತೂಕ ಮತ್ತು ಜಾತಿ ಆದಷ್ಟು ಒಂದೇ ಇರಲಿ. ಒಂದು ಕಂಪನಿಯ 147 ಗ್ರೇನ್ ಸಾದಾ ಫುಲ್ ಮೆಟಲ್ ಜಾಕೆಟ್ಟನ್ನು (ಲೋಹದ ಹೊದಿಕೆಯ ಬುಲೆಟ್) ಇನ್ನೊಂದು ಕಂಪನಿಯ 168 ಗ್ರೇನ್ ಮ್ಯಾಚ್ (ಸ್ಪರ್ಧೆಗೆಂದು ಮಾಡಿದ) ಬುಲೆಟ್ ಜೊತೆ ಹೋಲಿಸಿದರೆ ನೀವು ಕಂಪನಿಗಳನ್ನು ಹೋಲಿಸಿದಂತಾಗುವುದಿಲ್ಲ, ಎರಡು ಬೇರೆ ಬೇರೆ ಸಾಮಾನುಗಳನ್ನು ಹೋಲಿಸಿದಂತಾಗುತ್ತದೆ.

ಡಬ್ಬಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಡಬ್ಬಿಯ ಮೇಲೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಲಾಟ್ ನಂಬರ್. ಡಬ್ಬಿಯ ಕಿವಿಯ ಮೇಲೋ ಹಿಂಬದಿಯಲ್ಲೋ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಒಂದೇ ಮದ್ದು, ಒಂದೇ ಪ್ರೈಮರ್ ಮಿಶ್ರಣ, ಒಂದೇ ಯಂತ್ರದ ಹೊಂದಾಣಿಕೆಯಲ್ಲಿ ತಯಾರಾದದ್ದು ಒಂದು ಲಾಟ್. ಈಲಿಯ ಮೇಲ್ದರ್ಜೆಯ .22 ಡಬ್ಬಿಗಳಲ್ಲಿ ಆ ಲಾಟ್‌ನ ಅಳೆದ ವೇಗವನ್ನೂ ಅಚ್ಚು ಹಾಕಿರುತ್ತಾರೆ. ಪರೀಕ್ಷೆಗೆ ಡಬ್ಬಿ ಕೊಳ್ಳುವಾಗಲೇ ಲಾಟ್ ನಂಬರ್ ಬರೆದುಕೊಳ್ಳಿ, ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ಲಾಟ್ ನಂಬರ್ ಇಲ್ಲದ ಹೋಲಿಕೆಯ ಫಲಿತಾಂಶ ಆರು ತಿಂಗಳ ನಂತರ ಯಾವ ಕೆಲಸಕ್ಕೂ ಬರುವುದಿಲ್ಲ.

ಸಿಐಪಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಗುರುತು ಇದ್ದರೆ ಆ ಗುಂಡು ಸದಸ್ಯ ದೇಶವೊಂದರಲ್ಲಿ ಒತ್ತಡ ಮತ್ತು ಅಳತೆಯ ಪರೀಕ್ಷೆ ದಾಟಿ ಬಂದಿದೆ ಎಂದರ್ಥ. 1914ರಲ್ಲಿ ಶುರುವಾದ ಈ ಸಂಸ್ಥೆಯ ನಿಯಮಗಳು ಸದಸ್ಯ ದೇಶಗಳಲ್ಲಿ ಕಡ್ಡಾಯ. ಅಮೆರಿಕದಲ್ಲಿ 1926ರಲ್ಲಿ ಹುಟ್ಟಿದ ಸಾಮಿ ಎಂಬುದು ತಯಾರಕರದೇ ಸಂಘ, ಅದರ ಅಳತೆಗಳನ್ನು ಕಂಪನಿಗಳು ತಾವಾಗಿ ಪಾಲಿಸುತ್ತವೆ. ಎರಡೂ ಹೇಳುವುದು ಸುರಕ್ಷತೆಯ ಮಾತು. ಗುರಿ ಎಷ್ಟು ಚೆನ್ನಾಗಿ ಸಿಗುತ್ತದೆ ಎಂಬುದಕ್ಕೂ ಇವಕ್ಕೂ ಸಂಬಂಧ ಇಲ್ಲ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ‘ಮ್ಯಾಚ್’ ಎಂಬ ಪದಕ್ಕೂ ಅಷ್ಟೇ, ಯಾವ ಕಟ್ಟುನಿಟ್ಟಿನ ಅರ್ಥವೂ ಇಲ್ಲ.

ಬೇರೆ ಬೇರೆ ಹೆಸರು ಎಂದರೆ ಬೇರೆ ಬೇರೆ ಕಾರ್ಖಾನೆ ಎಂದೇನೂ ಅಲ್ಲ. ಫಿನ್ಲೆಂಡಿನ ಲಾಪುವಾ ಹೆಸರಿನ .22 ರೌಂಡ್‌ಗಳು ತಯಾರಾಗುವುದು ಜರ್ಮನಿಯ ಶೋನೆಬೆಕ್‌ನಲ್ಲಿ. ಎಸ್‌ಕೆ ಹೆಸರಿನವೂ ಅಲ್ಲಿಯವೇ. ಫೆಡರಲ್, ಸಿಸಿಐ, ರೆಮಿಂಗ್ಟನ್ ಮೂರೂ 2024ರಿಂದ ಒಂದೇ ಚೆಕ್ ಮಾಲೀಕರ ಕೈಯಲ್ಲಿವೆ. 1825ರಿಂದ ಇರುವ ಸೆಲಿಯರ್ ಅಂಡ್ ಬೆಲೋ ಇವತ್ತು ಬ್ರೆಜಿಲ್‌ನ ಸಿಬಿಸಿ ಗುಂಪಿನದು, ಮ್ಯಾಗ್‌ಟೆಕ್ ಕೂಡ ಅದೇ ಮನೆಯದು. ಫೆಡರಲ್‌ನ ಗೋಲ್ಡ್ ಮೆಡಲ್ .308 ರೌಂಡಿನಲ್ಲಿ ಬಹುಕಾಲದಿಂದ ಕೂತಿರುವುದು ಸಿಯೆರಾ ಕಂಪನಿಯ ಮ್ಯಾಚ್‌ಕಿಂಗ್ ಬುಲೆಟ್. ಆದ್ದರಿಂದ ‘ನಾನು ಈ ದೇಶದ್ದೇ ತಗೊಳ್ಳೋದು’ ಎಂಬ ಹಟಕ್ಕೆ ಅಷ್ಟೇನೂ ಬೆಲೆ ಇಲ್ಲ.

ಹೊಡೆಯುವ ಮುಂಚೆ ಕೈಯಲ್ಲಿ ಹಿಡಿದು ನೋಡಿ

ಪ್ರತಿ ಡಬ್ಬಿಯಿಂದ ಹತ್ತಿಪ್ಪತ್ತು ರೌಂಡ್ ತೆಗೆದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ಒಳ್ಳೆಯ ಬೆಳಕು ಬೇಕು. ಕಣ್ಣಿಗೆ ಏನೇನು ಬೀಳುತ್ತದೆ ನೋಡಿ. ಕೇಸ್‌ನಲ್ಲಿ ನೆಗ್ಗು, ಬಿರುಕು, ಹಸಿರು ಕಿಲುಬು ಇರಬಾರದು. ಸೆಂಟರ್‌ಫೈರ್ ರೌಂಡ್ (ಪ್ರೈಮರ್ ತಳದ ನಡುವೆ ಇರುವಂಥದು) ಆದರೆ ತಳ ತಿರುಗಿಸಿ ಪ್ರೈಮರ್ ನೋಡಿ. ಅದು ತಳದ ಮಟ್ಟಕ್ಕೆ, ಇಲ್ಲವೇ ಕೂದಲೆಳೆಯಷ್ಟು ಒಳಗೆ ಕೂತಿರಬೇಕು. ಬೆರಳು ಸವರಿದರೆ ಉಬ್ಬು ಸಿಕ್ಕಿತೋ, ಆ ರೌಂಡ್ ಬೇಡವೇ ಬೇಡ. ಬುಲೆಟ್ಟನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದರೆ ಅಲುಗಬಾರದು.

ಕೆಲವು ಹಿತ್ತಾಳೆ ಕೇಸ್‌ಗಳ ಕುತ್ತಿಗೆ ಹತ್ತಿರ ನೀಲಿ ಕಂದು ಬಣ್ಣದ ಕಲೆ ಕಾಣುತ್ತದೆ. ಹೊಸಬರು ಅದನ್ನು ಹಳೆಯ ಮಾಲು ಅಂದುಕೊಂಡು ಅಂಗಡಿಗೆ ವಾಪಸ್ ಕೊಡಲು ಹೊರಡುತ್ತಾರೆ. ಅದು ಕುತ್ತಿಗೆಯನ್ನು ಕಾಯಿಸಿ ಮೆದು ಮಾಡಿದ ಗುರುತು. ಎಲ್ಲ ಒಳ್ಳೆಯ ಕೇಸ್‌ಗಳಿಗೂ ಈ ಕೆಲಸ ಆಗಿಯೇ ಇರುತ್ತದೆ. ಕೆಲವರು ಉಜ್ಜಿ ಹೊಳಪು ಕೊಡುತ್ತಾರೆ, ಲಾಪುವಾದವರು ಹಾಗೇ ಬಿಡುತ್ತಾರೆ. ಹೊಳಪು ನೋಡಿ ಮಾರುಹೋಗಬೇಡಿ.

ಮುಂದಿನದು ನನಗೆ ಬಹಳ ಇಷ್ಟದ ಪರೀಕ್ಷೆ, ಖರ್ಚೇ ಇಲ್ಲ. ಒಂದು ಚಪ್ಪಟೆ ಗಾಜಿನ ಮೇಲೆ ಸೆಂಟರ್‌ಫೈರ್ ರೌಂಡನ್ನು ಮಲಗಿಸಿ, ಮೆಲ್ಲಗೆ ಉರುಳಿಸಿ, ಬುಲೆಟ್‌ನ ತುದಿಯನ್ನೇ ನೋಡುತ್ತಾ ಇರಿ. ತುದಿ ಒಂದೇ ಎತ್ತರದಲ್ಲಿ ಸಾಗಿದರೆ ಬುಲೆಟ್ ನೆಟ್ಟಗೆ ಕೂತಿದೆ. ಮೇಲೆ ಕೆಳಗೆ ತೂಗಾಡಿದರೆ ಸೊಟ್ಟ. ಡಯಲ್ ಗೇಜ್ ಇರುವವರು ಅಳೆಯಬಹುದು. 0.05 ಮಿಮೀ ಒಳಗಿದ್ದರೆ ಕಾರ್ಖಾನೆಯ ಗುಂಡಿಗೆ ಅದು ಒಳ್ಳೆಯ ಕೆಲಸ, 0.1 ಮಿಮೀ ದಾಟಿದರೆ ಅಷ್ಟಕ್ಕಷ್ಟೇ. ಆದರೆ ಕಣ್ಣಿಗೆ ಕಾಣುವಷ್ಟು ತುದಿ ಕುಣಿಯುತ್ತಿದ್ದರೆ ಗೇಜ್ ಯಾಕೆ ಬೇಕು?

ಉದ್ದ ಅಳೆಯುವಾಗ ಒಂದು ಎಚ್ಚರ. ತುದಿಯಲ್ಲಿ ತೂತಿರುವ ಮ್ಯಾಚ್ ಬುಲೆಟ್‌ಗಳ ಬಾಯಿ ಸ್ವಲ್ಪ ಒರಟೊರಟಾಗೇ ಇರುತ್ತದೆ, ಹಾಗಾಗಿ ತಳದಿಂದ ತುದಿಯವರೆಗೆ ಅಳೆದರೆ ಒಂದಕ್ಕೊಂದು ಕೂಡುವುದಿಲ್ಲ. ಅದು ದೋಷವಲ್ಲ. ಬುಲೆಟ್ ಮೈ ದಪ್ಪವಾಗುವ ಜಾಗದವರೆಗೆ, ಅಂದರೆ ಓಜೈವ್‌ವರೆಗೆ ಅಳೆಯುವ ಕಂಪ್ಯಾರೇಟರ್ ಇದ್ದರೆ ಅದರ ಲೆಕ್ಕ ಮಾತ್ರ ನಂಬಿ.

ತೂಗುವ ಹುಚ್ಚು ಕೆಲವರಿಗೆ. ಇಡೀ ರೌಂಡನ್ನು ತೂಗಿ ವಿಂಗಡಿಸುತ್ತಾರೆ. ಸೆಂಟರ್‌ಫೈರ್‌ನಲ್ಲಿ ತೂಕದ ವ್ಯತ್ಯಾಸದ ಬಹುಪಾಲು ಕೇಸ್‌ನ ಹಿತ್ತಾಳೆಯದು, ಮದ್ದಿನದಲ್ಲ. ಹಾಗಾಗಿ ಅದರಿಂದ ತಿಳಿಯುವುದು ಕಡಿಮೆ. ಸಮಯ ಇದ್ದವರು ಮಾಡಲಿ.

ಅಯಸ್ಕಾಂತ ಒಂದು ಜೇಬಿನಲ್ಲಿ ಇಟ್ಟುಕೊಳ್ಳಿ. ಬುಲೆಟ್‌ಗೆ ಅದು ಅಂಟಿದರೆ ತಾಮ್ರದ ಲೇಪದ ಕೆಳಗೆ ಉಕ್ಕು ಇದೆ. ಎಷ್ಟೋ ರೇಂಜ್‌ಗಳು ಅಂಥವನ್ನು ಒಳಗೆ ಬಿಡುವುದಿಲ್ಲ, ಕಿಡಿ ಹಾರುತ್ತದೆ, ಉಕ್ಕಿನ ಗುರಿಹಲಗೆ ಹಾಳಾಗುತ್ತದೆ. ಸೇನೆಗಳ ಹಳೆಯ ದಾಸ್ತಾನಿನ ಗುಂಡಾದರೆ ಪ್ರೈಮರ್ ಬಗ್ಗೆ ವಿಚಾರಿಸಿ. ಹಳೆಯ ಸೋವಿಯತ್ ಮಾಲಿನಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇರುವ ಪ್ರೈಮರ್ ಸಾಮಾನ್ಯ. ಅದು ಉರಿದ ಮೇಲೆ ಬ್ಯಾರೆಲ್‌ನಲ್ಲಿ ಉಪ್ಪು ಉಳಿಯುತ್ತದೆ, ಉಪ್ಪು ತೇವ ಎಳೆಯುತ್ತದೆ, ತುಕ್ಕು ಹಿಡಿಯುತ್ತದೆ. ಬರೀ ಎಣ್ಣೆಯಲ್ಲಿ ಒರೆಸಿದರೆ ಆ ಉಪ್ಪು ಹೋಗುವುದಿಲ್ಲ, ನೀರಿನಲ್ಲಿ ತೊಳೆದು ಒಣಗಿಸಿ ಆಮೇಲೆ ಎಣ್ಣೆ ಹಾಕಬೇಕು.

ವೇಗ ಅಳೆಯುವುದು

ಕ್ರೋನೋಗ್ರಾಫ್ ಇದ್ದರೆ ಅರ್ಧ ಕೆಲಸ ಸುಲಭ. ಬೆಳಕಿನ ಪರದೆಯ ಹಳೆಯ ಮಾದರಿ ಸಾಕು. ಬ್ಯಾರೆಲ್‌ಗೇ ಕಟ್ಟುವ ಮಾದರಿಯೂ ಚೆನ್ನಾಗಿ ಅಳೆಯುತ್ತದೆ. ಆದರೆ ಬ್ಯಾರೆಲ್ ತುದಿಗೆ ಭಾರ ಕೂಡುವುದರಿಂದ ಗುರಿಯ ಜಾಗ ಬದಲಾಗುತ್ತದೆ, ಅದನ್ನು ಕಟ್ಟಿಕೊಂಡು ಗುಂಪು (ಒಂದೇ ಗುರಿಗೆ ಹೊಡೆದ ತೂತುಗಳು ಎಷ್ಟು ಹರಡಿವೆ ಎಂಬುದು) ಅಳೆಯಬೇಡಿ. ಈಚಿನ ಡಾಪ್ಲರ್ ರೇಡಾರ್ ಮಾದರಿಗಳನ್ನು ಪಕ್ಕದಲ್ಲಿ ಇಟ್ಟರೆ ಸಾಕು, ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ಡಬ್ಬಿಯಲ್ಲಿ ಬರೆದ ವೇಗ ನಿಮಗೆ ಬರದಿದ್ದರೆ ಮೋಸ ಎಂದು ಕೂಗಬೇಡಿ. ಸಾಮಿ ಪ್ರಕಾರ .308 ಅಳೆಯುವುದು 24 ಇಂಚಿನ ಪರೀಕ್ಷಾ ಬ್ಯಾರೆಲ್‌ನಲ್ಲಿ. ನಿಮ್ಮದು 20 ಇಂಚಿನದಾದರೆ ಕಡಿಮೆ ಬರುವುದು ಸಹಜ. ನಿಮಗೆ ಬೇಕಾದದ್ದು ವೇಗ ಎಷ್ಟು ಎಂಬುದಲ್ಲ, ಒಂದು ರೌಂಡಿನಿಂದ ಇನ್ನೊಂದಕ್ಕೆ ಎಷ್ಟು ಏರಿಳಿತ ಎಂಬುದು. ಅದನ್ನು ಯಂತ್ರವೇ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್) ಎಂದು ತೋರಿಸುತ್ತದೆ. ಅತಿ ಹೆಚ್ಚಿನ ವೇಗದಿಂದ ಅತಿ ಕಡಿಮೆ ವೇಗ ಕಳೆದರೆ ಬರುವುದು ಇಎಸ್. ಇಎಸ್ ಹೆಚ್ಚು ರೌಂಡ್ ಹೊಡೆದಂತೆ ಬೆಳೆಯುತ್ತಾ ಹೋಗುತ್ತದೆ, ಹಾಗಾಗಿ 5 ರೌಂಡಿನ ಇಎಸ್ ಅನ್ನು 20 ರೌಂಡಿನದ್ದರ ಪಕ್ಕ ಇಟ್ಟು ನೋಡುವುದು ತಪ್ಪು.

ಎಸ್‌ಡಿಯನ್ನೂ ಅತಿಯಾಗಿ ನಂಬಬೇಡಿ. 10 ರೌಂಡ್ ಹೊಡೆದು 5 ಮೀ/ಸೆ ಎಸ್‌ಡಿ ಬಂತು ಅಂದುಕೊಳ್ಳಿ. ಸಂಖ್ಯಾಶಾಸ್ತ್ರದ ಪ್ರಕಾರ ಆ ಗುಂಡಿನ ನಿಜವಾದ ಎಸ್‌ಡಿ 3.4ರಿಂದ 9.1ರ ನಡುವೆ ಎಲ್ಲಾದರೂ ಇರಬಹುದು. ಅಂದರೆ ಒಂದಕ್ಕೆ 4, ಇನ್ನೊಂದಕ್ಕೆ 5 ಬಂದರೆ ಎರಡನ್ನೂ ಸಮ ಅನ್ನಬೇಕು. 4 ಮತ್ತು 10 ಬಂದರೆ ಮಾತ್ರ ಮಾತಾಡಬಹುದು.

ಬಿಸಿಲಿಗೆ ಗುಂಡಿನ ಡಬ್ಬಿ ಇಡಬಾರದು. ಮದ್ದು ಬಿಸಿಯಾದರೆ ವೇಗ ಏರುತ್ತದೆ, ಒಂದೊಂದು ಮದ್ದಿನಲ್ಲಿ ಒಂದೊಂದು ಪ್ರಮಾಣದಲ್ಲಿ. ಕಾದ ಚೇಂಬರ್‌ನಲ್ಲಿ ರೌಂಡನ್ನು ತುಂಬಿ ಸುಮ್ಮನೆ ಯೋಚನೆ ಮಾಡುತ್ತಾ ಕೂರುವುದೂ ಅದೇ ಕೆಲಸ ಮಾಡುತ್ತದೆ.

ಯಾವ ದೂರದಲ್ಲಿ ಪರೀಕ್ಷೆ?

ನೀವು ಆಡುವ ದೂರದಲ್ಲೇ. ಇದಕ್ಕೆ ಕಾರಣ ಇದೆ.

.22 ಮ್ಯಾಚ್ ರೌಂಡ್ ಸುಮಾರು 325 ಮೀ/ಸೆ ವೇಗದಲ್ಲಿ ಹೊರಡುತ್ತದೆ, ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ. ಬೇಕೆಂದೇ ಹಾಗೆ ಮಾಡುತ್ತಾರೆ, ದಾರಿಯಲ್ಲಿ ಶಬ್ದದ ವೇಗ ದಾಟಿ ಇಳಿಯುವಾಗ ಬುಲೆಟ್ ಅಲುಗಾಡಬಾರದು ಎಂದು. 50 ಮೀಟರ್ ಹೋಗುವುದರೊಳಗೆ ಅದು ಸುಮಾರು 12 ಸೆಂಮೀ ಕೆಳಗೆ ಬಿದ್ದಿರುತ್ತದೆ. ಎರಡು ರೌಂಡ್‌ಗಳ ನಡುವೆ 10 ಮೀ/ಸೆ ವ್ಯತ್ಯಾಸ ಇದ್ದರೆ, ಅದೊಂದರಿಂದಲೇ ಮೇಲೆ ಕೆಳಗೆ 7 ಮಿಮೀಗಿಂತ ಜಾಸ್ತಿ ಅಂತರ. 50 ಮೀಟರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತರ ವೃತ್ತದ ಅಗಲವೇ 10.4 ಮಿಮೀ! ಅದೇ ರೌಂಡ್‌ಗಳನ್ನು 100 ಮೀಟರ್‌ಗೆ ಒಯ್ದರೆ ಅಂತರ 30 ಮಿಮೀ ಆಸುಪಾಸು. ದೂರ ಎರಡರಷ್ಟಾದರೆ ಈ ತೊಂದರೆ ನಾಲ್ಕರಷ್ಟಾಗುತ್ತದೆ.

.308ರಲ್ಲಿ ಲೆಕ್ಕವೇ ಬೇರೆ. 800 ಮೀ/ಸೆ ವೇಗದ ಬುಲೆಟ್‌ಗೆ 100 ಮೀಟರ್‌ನಲ್ಲಿ ಅದೇ 10 ಮೀ/ಸೆ ವ್ಯತ್ಯಾಸದಿಂದ ಆಗುವುದು 2 ಮಿಮೀ ಮಾತ್ರ. ಕಣ್ಣಿಗೇ ಕಾಣುವುದಿಲ್ಲ. 600 ಮೀಟರ್‌ಗೆ ಹೋದರೆ ಹತ್ತು ಸೆಂಟಿಮೀಟರ್ ಹತ್ತಿರ ಹೋಗುತ್ತದೆ. 100 ಮೀಟರ್‌ನಲ್ಲಿ ಅದ್ಭುತವಾಗಿ ಕಂಡ ಗುಂಡು ದೂರಕ್ಕೆ ಕೈಕೊಡುವುದು ಹೀಗೆ. ದೂರದ ರೇಂಜ್ ಸಿಗದಿದ್ದರೆ 100 ಮೀಟರ್‌ನಲ್ಲಿ ಗುಂಪು ನೋಡಿ, ಜೊತೆಗೆ ಎಸ್‌ಡಿಯನ್ನೂ ನೋಡಿ, ಎರಡನ್ನೂ ಸೇರಿಸಿ ತೀರ್ಮಾನ ಮಾಡಿ.

ಕಾಗದದ ಮೇಲೆ ಹೋಲಿಕೆ

ಇದೇ ಮುಖ್ಯ ಭಾಗ, ಜನ ಹೆಚ್ಚು ಎಡವುವುದೂ ಇಲ್ಲೇ.

ಸಾಮಾನ್ಯವಾಗಿ ಏನು ಮಾಡುತ್ತಾರೆ? ಪ್ರತಿ ಡಬ್ಬಿಯಿಂದ 5 ರೌಂಡ್ ಹೊಡೆಯುತ್ತಾರೆ. ಅತ್ಯಂತ ದೂರದ ಎರಡು ತೂತುಗಳ ನಡುವಿನ ಅಂತರ ಅಳೆಯುತ್ತಾರೆ. ಸಣ್ಣದು ಬಂದದ್ದು ಗೆದ್ದಿತು. ನಾಣ್ಯವನ್ನು ಐದು ಸಲ ಚಿಮ್ಮಿ, ನಾಲ್ಕು ಸಲ ರಾಜನ ತಲೆ ಬಂತು ಎಂದು ನಾಣ್ಯವೇ ಮೋಸದ್ದು ಅಂದಂತೆ ಇದು. ಅದೇ ರೈಫಲ್, ಅದೇ ಲಾಟ್, ಅದೇ ಶೂಟರ್, ಆದರೂ 5 ರೌಂಡಿನ ಗುಂಪು ಒಮ್ಮೆ 15 ಮಿಮೀ, ಇನ್ನೊಮ್ಮೆ 28 ಮಿಮೀ ಬರುವುದು ತೀರಾ ಸಾಮಾನ್ಯ.

ರೌಂಡ್ ಎಷ್ಟು ಎಂಬುದರ ಮೇಲೂ ಗುಂಪಿನ ಅಳತೆ ನಿಂತಿದೆ. 3 ರೌಂಡಿಗೆ ಸರಾಸರಿ 20 ಮಿಮೀ ಗುಂಪು ಕೊಡುವ ರೈಫಲ್, 5 ರೌಂಡಿಗೆ ಸುಮಾರು 25 ಮಿಮೀ, 10 ರೌಂಡಿಗೆ ಸುಮಾರು 32 ಮಿಮೀ ಕೊಡುತ್ತದೆ. ಏನೂ ಕೆಟ್ಟಿಲ್ಲ, ಲೆಕ್ಕವೇ ಹಾಗೆ. ಜಾಹೀರಾತಿನಲ್ಲಿ ‘ಒಂದು ಎಂಒಎ ಒಳಗೆ’ ಎಂದು ಬರೆದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ರೌಂಡಿಗೆ ಎಂದು. ಒಂದು ಎಂಒಎ (ಮಿನಿಟ್ ಆಫ್ ಆಂಗಲ್, ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು) ಎಂದರೆ 100 ಮೀಟರ್‌ನಲ್ಲಿ 29 ಮಿಮೀ.

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ? ಪ್ರತಿ ಲಾಟ್‌ಗೆ ಕನಿಷ್ಠ 20 ರೌಂಡ್ ಎತ್ತಿಡಿ. 5ರಂತೆ ನಾಲ್ಕು ಗುರಿ. ರೈಫಲ್‌ಗೆ ಮುಂದೆ ಗಟ್ಟಿ ಆಸರೆ, ಹಿಂದೆ ಮರಳು ಚೀಲ. ಇಲ್ಲಿ ನಿಮ್ಮ ಕೈನಡುಕ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಯಾಕೆ ಎಂದು ಒಂದು ಸಣ್ಣ ಲೆಕ್ಕದಲ್ಲಿ ನೋಡಿ. ಗುಂಡಿನಿಂದಾಗುವ ಚದುರುವಿಕೆ ‘ಅ’ಗೆ 5, ‘ಆ’ಗೆ 8 ಅಂದುಕೊಳ್ಳಿ. ದೊಡ್ಡ ವ್ಯತ್ಯಾಸವೇ. ಈಗ ನಿಮ್ಮ ಕೈಯದು 10 ಇದೆ. ಇವು ಸುಮ್ನೆ ಕೂಡುವುದಿಲ್ಲ, ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು. ಕಾಗದದ ಮೇಲೆ ಬರುವುದು 11.2 ಮತ್ತು 12.8. ಗುಂಡಿನ ವ್ಯತ್ಯಾಸ ನಿಮ್ಮ ಕೈಯ ಅಲುಗಾಟದಲ್ಲಿ ಮುಳುಗಿಹೋಯಿತು. ನಿಂತು ಹೊಡೆದು ಗುಂಡು ಹೋಲಿಸುವವರಿಗೆ ಎಲ್ಲ ಕಂಪನಿಯೂ ಒಂದೇ ಥರ ಕಾಣುವುದು ಇದಕ್ಕೇ.

ನಾಲ್ಕು ಲಾಟ್ ಇದ್ದರೆ ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಬೆಳಿಗ್ಗೆ ಗಾಳಿ ಇರುವುದಿಲ್ಲ, ಹೊತ್ತೇರಿದಂತೆ ಬೀಸುತ್ತದೆ, ನೀವೂ ದಣಿಯುತ್ತೀರಿ, ಬ್ಯಾರೆಲ್ ಕಾಯುತ್ತದೆ. ಕೊನೆಗೆ ಹೊಡೆದ ಕಂಪನಿಗೆ ಸುಮ್ನೆ ಕೆಟ್ಟ ಹೆಸರು. ಅ, ಆ, ಇ, ಈ ಎಂದು ಒಂದೊಂದು ಗುರಿ ಹೊಡೆದು, ಎರಡನೇ ಸುತ್ತಿಗೆ ಕ್ರಮ ಬದಲಿಸಿ. ಸೆಂಟರ್‌ಫೈರ್ ಆದರೆ ಗುರಿಯಿಂದ ಗುರಿಗೆ ಬ್ಯಾರೆಲ್ ತಣಿಯಲು ಬಿಡಿ.

.22ರಲ್ಲಿ ಇನ್ನೊಂದು ತೊಡಕು. ಬುಲೆಟ್ ಮೇಲೆ ಮೇಣದಂಥ ಲೂಬ್ರಿಕಂಟ್ ಬಳಿದಿರುತ್ತಾರೆ, ಕಂಪನಿಗೊಂದು ಬಗೆ. ಹಿಂದಿನ ಕಂಪನಿಯ ಮೇಣ ಬ್ಯಾರೆಲ್‌ನಲ್ಲಿ ಇರುವಾಗ ಹೊಸದನ್ನು ಹೊಡೆದರೆ ಮೊದಲ ಕೆಲವು ಬುಲೆಟ್ ಎಲ್ಲೆಲ್ಲೋ ಹೋಗುತ್ತವೆ. ಪ್ರತಿ ಸಲ ಗುಂಡು ಬದಲಿಸಿದಾಗ 10ರಿಂದ 20 ರೌಂಡ್ ಬದಿಯ ಮಣ್ಣಿಗೋ ಬೇರೆ ಕಾಗದಕ್ಕೋ ಹೊಡೆದು, ಆಮೇಲೆ ಲೆಕ್ಕದ ಗುರಿ ಶುರು ಮಾಡಿ. ಗುಂಡು ಜಾಸ್ತಿ ಖರ್ಚಾಗುತ್ತದೆ, ನಿಜ. ಅದಕ್ಕೇ ರಿಮ್‌ಫೈರ್‌ನಲ್ಲಿ ಒಂದು ದಿನಕ್ಕೆ ಎರಡು ಮೂರು ಲಾಟ್‌ಗಿಂತ ಹೆಚ್ಚು ಹಚ್ಚಿಕೊಳ್ಳದಿರುವುದು ಮೇಲು.

ಸಾಧ್ಯವಾದರೆ ಗೆಳೆಯರೊಬ್ಬರ ಸಹಾಯ ಪಡೆಯಿರಿ. ಅವರು ರೌಂಡ್‌ಗಳನ್ನು ಹೆಸರಿಲ್ಲದ ಟ್ರೇಗಳಿಗೆ ಹಾಕಿ ಅ, ಆ ಎಂದು ಚೀಟಿ ಅಂಟಿಸಿ ಕೊಡಲಿ. ಕ್ಯಾಲಿಬರ್ ಒಂದೇ ಎಂದು ಮಾತ್ರ ಇಬ್ಬರೂ ಖಚಿತ ಮಾಡಿಕೊಳ್ಳಿ. ದುಬಾರಿ ಡಬ್ಬಿ ಕೈಯಲ್ಲಿದ್ದರೆ ಮನುಷ್ಯ ಉಸಿರು ಬಿಗಿಹಿಡಿದು ಟ್ರಿಗರ್ ಎಳೆಯುತ್ತಾನೆ. ಅಗ್ಗದ್ದಾದರೆ ಬೇಗ ಬೇಗ ಮುಗಿಸುತ್ತಾನೆ. ಬೇಕೆಂದು ಮಾಡುವುದಲ್ಲ, ಆಗಿಬಿಡುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಆ ಕಾಟ ತಪ್ಪುತ್ತದೆ. ದೊಡ್ಡ ಹೆಸರುಗಳು ನೆಲ ಕಚ್ಚುವುದನ್ನು ನೋಡುವ ಮಜಾ ಬೇರೆ!

ಇನ್ನು ಅಳೆಯುವುದು. ಅತಿ ದೂರದ ಎರಡು ತೂತುಗಳನ್ನೇ ಅಳೆದರೆ ಉಳಿದ ತೂತುಗಳ ಸಾಕ್ಷಿಯನ್ನು ಎಸೆದಂತೆ. ಅದರ ಬದಲು ಸರಾಸರಿ ತ್ರಿಜ್ಯ ತೆಗೆಯಿರಿ. ಪಾರದರ್ಶಕ ಹಾಳೆಯ ಮೇಲೆ ಗುರಿಯ ಮಧ್ಯ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಎಳೆದುಕೊಳ್ಳಿ. ನಾಲ್ಕೂ ಗುರಿಗಳ ಮೇಲೆ ಒಂದಾದ ಮೇಲೆ ಒಂದರಂತೆ ಅದನ್ನಿಟ್ಟು ತೂತುಗಳ ಮಧ್ಯಕ್ಕೆ ಚುಕ್ಕೆ ಹಾಕಿ. ಈಗ 20 ಚುಕ್ಕೆ ಒಂದೇ ಹಾಳೆಯಲ್ಲಿ. ಪ್ರತಿ ಚುಕ್ಕೆ ಎಡಬಲಕ್ಕೆ ಎಷ್ಟು, ಮೇಲೆ ಕೆಳಗೆ ಎಷ್ಟು ಎಂದು ಅಳೆದು ಸರಾಸರಿ ತೆಗೆದರೆ ಗುಂಪಿನ ನಿಜವಾದ ಮಧ್ಯ ಸಿಗುತ್ತದೆ. ಆ ಮಧ್ಯದಿಂದ ಪ್ರತಿ ಚುಕ್ಕೆಗಿರುವ ದೂರಗಳ ಸರಾಸರಿಯೇ ನಿಮಗೆ ಬೇಕಾದ ಸಂಖ್ಯೆ. ಈ ಪರೀಕ್ಷೆ ಮುಗಿಯುವವರೆಗೆ ಸೈಟ್ ಅಥವಾ ಸ್ಕೋಪಿನ ಗುಂಡಿ ಮುಟ್ಟಬಾರದು. ಫೋಟೋ ಹಾಕಿದರೆ ಇದನ್ನೆಲ್ಲ ಲೆಕ್ಕ ಮಾಡುವ ಮೊಬೈಲ್ ಆಪ್‌ಗಳೂ ಇವೆ. ಒಮ್ಮೆಯಾದರೂ ಕೈಯಲ್ಲಿ ಮಾಡಿ, ಆಗ ಸಂಖ್ಯೆಗೆ ಅರ್ಥ ಬರುತ್ತದೆ.

20 ರೌಂಡಿನ ಸರಾಸರಿ ತ್ರಿಜ್ಯದಲ್ಲೂ ಸುಮಾರು ಶೇ 12ರಷ್ಟು ಆಚೀಚೆ ಇದ್ದೇ ಇರುತ್ತದೆ. ಹಾಗಾಗಿ 6.0 ಮತ್ತು 6.5 ಮಿಮೀ ಬಂದರೆ ಎರಡೂ ಒಂದೇ, ಅಗ್ಗದ್ದನ್ನು ಕೊಳ್ಳಿ. 6 ಮತ್ತು 10 ಬಂದರೆ ತೀರ್ಮಾನ ಸ್ಪಷ್ಟ. ನಡುವೆ ಬಂದದ್ದನ್ನು ಇನ್ನೊಂದು ದಿನ ಮತ್ತೆ ಹೊಡೆದು ನೋಡಬೇಕು. ಆಗ ಹಳೆಯ ಸಂಖ್ಯೆಗಳನ್ನು ಎಸೆಯದೆ ಹೊಸದರ ಜೊತೆ ಸೇರಿಸಿ. ‘ಅದು ನನ್ನ ತಪ್ಪು, ಲೆಕ್ಕಕ್ಕಿಲ್ಲ’ ಎಂದು ದೂರ ಬಿದ್ದ ತೂತನ್ನು ಬಿಡುವ ಚಾಳಿ ಬೇಡ. ಟ್ರಿಗರ್ ಎಳೆದ ಕ್ಷಣವೇ, ತೂತು ನೋಡುವ ಮುಂಚೆಯೇ ತಪ್ಪಾಯಿತು ಎಂದು ಕೂಗಿ ಹೇಳಿದ್ದರೆ ಮಾತ್ರ ಬಿಡಬಹುದು.

ಮುನ್ನೂರು ಮೀಟರ್‌ಗೋ ಒಲಿಂಪಿಕ್ ಮಟ್ಟದ .22ಗೋ ಆಡುವವರು ಇಷ್ಟಕ್ಕೆ ನಿಲ್ಲುವುದಿಲ್ಲ. ಲಾಪುವಾ, ಈಲಿಯಂಥ ಕಂಪನಿಗಳಿಗೆ ತಮ್ಮದೇ ಪರೀಕ್ಷಾ ಸುರಂಗಗಳಿವೆ. ರೈಫಲ್ ಒಯ್ದರೆ ಅದನ್ನು ಹಿಡಿಕೆಯಲ್ಲಿ ಬಿಗಿದು, ಗಾಳಿಯಿಲ್ಲದ ಜಾಗದಲ್ಲಿ, ಲಾಟ್ ಮೇಲೆ ಲಾಟ್ ಹೊಡೆದು ಹೊಂದುವುದನ್ನು ಆರಿಸಿ ಕೊಡುತ್ತಾರೆ. ತಯಾರಕರೇ ಹೀಗೆ ಲಾಟ್ ಆರಿಸಿ ಮಾರುತ್ತಾರೆ ಅಂದಮೇಲೆ, ಬರೀ ಹೆಸರು ನೋಡಿ ಕೊಳ್ಳುವುದು ಎಷ್ಟರ ಮಟ್ಟಿಗೆ ಸರಿ ನೀವೇ ಹೇಳಿ.

ಹತ್ತದ ರೌಂಡ್, ಹೆಚ್ಚಿದ ಒತ್ತಡ

ಗುಂಪು ಚೆನ್ನಾಗಿದ್ದರೆ ಸಾಲದು, ಪ್ರತಿ ರೌಂಡೂ ಹೊತ್ತಬೇಕು. ಎಷ್ಟು ರೌಂಡ್ ಹತ್ತಲಿಲ್ಲ, ಎಷ್ಟು ಸಿಕ್ಕಿಹಾಕಿಕೊಂಡವು, ಎಷ್ಟು ಕೇಸ್ ಸರಿಯಾಗಿ ಹೊರಬರಲಿಲ್ಲ ಎಂದು ಪಕ್ಕದಲ್ಲೇ ಗೀಟು ಹಾಕುತ್ತಾ ಹೋಗಿ. ಟ್ರಿಗರ್ ಎಳೆದೂ ಸಿಡಿಯದಿದ್ದರೆ ಬ್ಯಾರೆಲ್ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾಯಿರಿ, ನಿಮ್ಮ ರೇಂಜಿನ ನಿಯಮ ಇನ್ನೂ ಹೆಚ್ಚು ಹೇಳಿದರೆ ಅದನ್ನೇ ಪಾಲಿಸಿ. ತಡವಾಗಿ ಸಿಡಿಯುವುದುಂಟು. ಹೊರತೆಗೆದ ಮೇಲೆ ಪ್ರೈಮರ್ ಮೇಲಿನ ಗುರುತು ನೋಡಿ. ಗುರುತು ಆಳವಾಗಿದ್ದರೆ ತಪ್ಪು ರೌಂಡಿನದು. ತೆಳುವಾಗಿದ್ದರೆ ನಿಮ್ಮ ರೈಫಲ್‌ನ ಫೈರಿಂಗ್ ಪಿನ್ ಕಡೆ ನೋಡಬೇಕು, ಪಾಪ ಕಂಪನಿಯನ್ನು ಬೈದು ಫಲವಿಲ್ಲ.

‘ಪುಸ್’ ಎಂದು ಮೆಲ್ಲಗೆ ಸದ್ದಾಗಿ ಒದೆತವೇ ಬರಲಿಲ್ಲವೋ, ಅಲ್ಲಿಗೇ ನಿಲ್ಲಿಸಿ. ರೈಫಲ್ ಖಾಲಿ ಮಾಡಿ ಬ್ಯಾರೆಲ್ ಒಳಗೆ ಸರಳು ತೂರಿಸಿ ನೋಡಿ. ಬುಲೆಟ್ ಮಧ್ಯದಲ್ಲಿ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರೆಲ್ ಒಡೆಯುತ್ತದೆ. ಬೋಲ್ಟ್ (ಚೇಂಬರ್ ಮುಚ್ಚುವ ಭಾಗ) ಎತ್ತಲು ಬಿಗಿಯಾಗುವುದು, ಪ್ರೈಮರ್ ಅಂಚು ಸಪಾಟಾಗಿ ಹರಡುವುದು, ಕೇಸ್‌ನ ತಳದಲ್ಲಿ ಎಜೆಕ್ಟರ್‌ನ (ಖಾಲಿ ಕೇಸ್ ಹೊರಗೆಸೆಯುವ ಭಾಗದ) ಹೊಳೆಯುವ ಅಚ್ಚು ಬೀಳುವುದು, ಇವೆಲ್ಲ ಒತ್ತಡ ಜಾಸ್ತಿ ಎಂಬ ಸೂಚನೆಗಳು. ಅಂಥ ಲಾಟ್ ಎಷ್ಟೇ ಸಣ್ಣ ಗುಂಪು ಕೊಡಲಿ, ಪಟ್ಟಿಯಿಂದ ತೆಗೆಯಿರಿ, ಲಾಟ್ ನಂಬರ್ ಸಮೇತ ತಯಾರಕರಿಗೆ ಬರೆಯಿರಿ.

ಕೊಳ್ಳುವುದು

ಅಭ್ಯಾಸಕ್ಕೂ ಸ್ಪರ್ಧೆಗೂ ಒಂದೇ ಗುಂಡು ಬೇಕು ಎಂದೇನಿಲ್ಲ. ಅಭ್ಯಾಸಕ್ಕೆ ನಂಬಿಕೆಯಿಂದ ಹೊತ್ತುವ, ಜೇಬಿಗೆ ಭಾರವಾಗದ ಲಾಟ್ ಸಾಕು. ಸ್ಪರ್ಧೆಯದಕ್ಕೆ ಮಾತ್ರ ಇಷ್ಟೆಲ್ಲ ಹೆಣಗಾಟ.

ಹೊಂದುವ ಲಾಟ್ ಸಿಕ್ಕ ಮೇಲೆ ತಡ ಮಾಡಬೇಡಿ. ಪರವಾನಗಿ ಬಿಡುವಷ್ಟು, ಕೈಯಲ್ಲಿ ಆಗುವಷ್ಟು ಅದೇ ಲಾಟ್ ನಂಬರಿನದನ್ನೇ ಒಟ್ಟಿಗೆ ಕೊಳ್ಳಿ. ಮುಂದಿನ ತಿಂಗಳು ಅಂಗಡಿಗೆ ಬರುವುದು ಅದೇ ಬಣ್ಣದ ಡಬ್ಬಿ, ಒಳಗಿರುವುದು ಬೇರೆ ಲಾಟ್. ತಂಪಾದ, ಒಣ ಜಾಗದಲ್ಲಿ ಬೀಗ ಹಾಕಿ ಇಡಿ. ಕಾಗದದ ಡಬ್ಬಿಯಿಂದ ತೆಗೆದು ಬೇರೆ ಪೆಟ್ಟಿಗೆಗೆ ಸುರಿಯುವ ಅಭ್ಯಾಸ ಇದ್ದರೆ ಬಿಡಿ, ಲಾಟ್ ನಂಬರ್ ಕಳೆದುಹೋಗುವುದು ಹಾಗೇ.

ಆ ಲಾಟ್‌ನಿಂದ 50 ರೌಂಡನ್ನು ಮಾತ್ರ ಬೇರೆ ಎತ್ತಿಟ್ಟು, ಮೇಲೆ ದಿನಾಂಕ, ಸರಾಸರಿ ತ್ರಿಜ್ಯ, ಎಸ್‌ಡಿ ಬರೆದಿಡಿ. ದಾಸ್ತಾನು ಮುಗಿಯುತ್ತಾ ಬಂದು ಹೊಸ ಲಾಟ್‌ಗಳನ್ನು ಪರೀಕ್ಷಿಸುವ ದಿನ ಅವನ್ನೂ ಸುತ್ತಿನಲ್ಲಿ ಸೇರಿಸಿ ಹೊಡೆಯಿರಿ. ಹಳೆಯದು ಹಿಂದಿನಂತೆಯೇ ಹೊಡೆದು ಹೊಸದು ಚದುರಿದರೆ ಹೊಸ ಲಾಟ್ ಬೇಡ. ಹಳೆಯದೂ ಚದುರಿತು ಎಂದಾದರೆ ಗುಂಡು ಹುಡುಕುವುದನ್ನು ನಿಲ್ಲಿಸಿ ಬ್ಯಾರೆಲ್, ಸ್ಕೋಪಿನ ಸ್ಕ್ರೂಗಳನ್ನು ನೋಡಿ.